ಮೆಂತ್ಯದ ಪಕ್ಕ ಒಂದು ಅಯಾನೈಸರ್

ಈ ಎರಡು ಟ್ರೇ ನೋಡಿ. ಒಂದೇ ಪೊಟ್ಟಣದ ಮೆಂತ್ಯ, ಒಂದೇ ಮಣ್ಣು. ಎಡಗಡೆಯದು ಅರ್ಧ ಬೆರಳಿನಷ್ಟು ಎತ್ತರ ಜಾಸ್ತಿ ಇದೆ, ಅಲ್ವಾ? ಅದರ ಪಕ್ಕದ ಬಿಳಿ ಡಬ್ಬಿಯೇ ಅಯಾನೈಸರ್. ಸೂಜಿಯಂಥ ತುದಿಗೆ ಸಾವಿರಾರು ವೋಲ್ಟ್ ಕೊಟ್ಟು ಗಾಳಿಗೆ ನೆಗೆಟಿವ್ ಚಾರ್ಜ್ ಬಿಡುತ್ತದೆ. ಕೈ ಹತ್ತಿರ ತಂದರೆ ರೋಮ ನಿಧಾನಕ್ಕೆ ಎದ್ದು ನಿಲ್ಲುತ್ತದೆ. ಹಿಂದಿನ ಗೋಡೆ ಮಾತ್ರ ಹಳೇ ಒಲೆಮೂಲೆ ಥರ ಕಪ್ಪಾಗಿದೆ. ಚಾರ್ಜ್ ಆದ ಧೂಳೆಲ್ಲ ಹೋಗಿ ಅಲ್ಲೇ ಅಂಟಿದೆ. ಅಮ್ಮ ಬೈದದ್ದು ಇದಕ್ಕೇ, ಮೆಂತ್ಯಕ್ಕಲ್ಲ.

ಅಯಾನು, ಅಂದರೆ ಚಾರ್ಜ್ ಇರುವ ಅಣು, ಹೊಸದೇನಲ್ಲ. ಮಣ್ಣಿನಿಂದ ಏಳುವ ರೇಡಾನ್ ಅನ್ನೋ ವಿಕಿರಣಶೀಲ ಅನಿಲ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣ, ಇವು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕೀಳುತ್ತಲೇ ಇರುತ್ತವೆ. ಬೆರಳ ತುದಿಯಷ್ಟು ಗಾಳಿಯಲ್ಲೂ ಕೆಲವು ನೂರು ಅಯಾನು ಇರುತ್ತವೆ. ಮೋಡವಿಲ್ಲದ ದಿನವೂ ನೆಲದ ಹತ್ತಿರದ ಗಾಳಿಯಲ್ಲಿ ಮೇಲಕ್ಕೆ ಹೋದಂತೆ ಮೀಟರಿಗೆ ಸುಮಾರು 100 ವೋಲ್ಟ್ ವ್ಯತ್ಯಾಸ. ಗಿಡಗಳು ನಿಂತಿರುವುದೇ ಇದರೊಳಗೆ.

ಫಿನ್‌ಲ್ಯಾಂಡಿನ ಭೌತವಿಜ್ಞಾನಿ ಸೆಲಿಮ್ ಲೆಮ್‌ಸ್ಟ್ರಾಮ್ ಧ್ರುವಪ್ರಭೆ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಹುಡುಕಿಕೊಂಡು ಉತ್ತರಕ್ಕೆ ಹೋದವರು. ಅಷ್ಟು ಚಳಿಯಲ್ಲೂ ಗಿಡಗಳು ಹುಲುಸಾಗಿದ್ದವು. ಇದು ಗಾಳಿಯ ಕರೆಂಟಿನ ಕೆಲಸ ಅಂದುಕೊಂಡರು. 1885ರಿಂದ ಬೆಳೆಯ ಮೇಲೆ ಮೊನೆಗಳಿದ್ದ ತಂತಿ ಎಳೆದು ಚಾರ್ಜ್ ಹಾಯಿಸಿದರು. ಫಸಲು ಹೆಚ್ಚಿತು ಅಂತ ಬರೆದರು. ಬ್ರಿಟಿಷ್ ಸರ್ಕಾರ 1918ರಲ್ಲಿ ಇದಕ್ಕೇ ಒಂದು ಸಮಿತಿ ಮಾಡಿತು. ಒಂದು ವರ್ಷ ಫಸಲು ಜಾಸ್ತಿ, ಇನ್ನೊಂದು ವರ್ಷ ಏನೂ ಇಲ್ಲ. 1936ರಲ್ಲಿ ಕೈಚೆಲ್ಲಿದರು. ಪಾಪ, ಹದಿನೆಂಟು ವರ್ಷ!

ನನಗೆ ಹಿಡಿಸಿದ್ದು 1960ರ ದಶಕದ ವಿಜ್ಞಾನಿ ಆಲ್ಬರ್ಟ್ ಕ್ರೂಗರ್ ಕೆಲಸ, ಅಮೆರಿಕದ ಬರ್ಕ್ಲಿಯಲ್ಲಿ ನಡೆದದ್ದು. ಓಟ್ಸ್, ಬಾರ್ಲಿ ಸಸಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅಯಾನು ಬಿಟ್ಟರು. ನೆಗೆಟಿವ್ ಬಿಟ್ಟರೂ ಬೆಳವಣಿಗೆ ಜಾಸ್ತಿ, ಪಾಸಿಟಿವ್ ಬಿಟ್ಟರೂ ಜಾಸ್ತಿ. ನೆಗೆಟಿವ್ ಒಳ್ಳೆಯದು, ಪಾಸಿಟಿವ್ ಕೆಟ್ಟದ್ದು ಅಂತ ಡಬ್ಬಿಯ ಮೇಲೆ ಅಚ್ಚು ಹಾಕುವವರು ಇದನ್ನು ಓದಿಲ್ಲ ಅನಿಸುತ್ತದೆ. ಇನ್ನೊಂದು, ಕ್ರೂಗರ್ ಸಸಿಗಳಿಗೆ ಅರ್ಥ್ ಕೊಟ್ಟಿದ್ದರು. ಎಲೆಗೆ ಬಂದ ಚಾರ್ಜ್ ಮಣ್ಣಿಗೆ ಇಳಿಯಬೇಕು. ಇಳಿಯದಿದ್ದರೆ ಎಲೆಯೇ ಚಾರ್ಜ್ ಆಗಿ, ಮುಂದೆ ಬರುವ ಅಯಾನುಗಳನ್ನು ದೂರ ತಳ್ಳುತ್ತದೆ.

ಇದು ಓದಿದ ರಾತ್ರಿ ನನ್ನ ಟ್ರೇ ನೋಡಿದೆ. ಪ್ಲಾಸ್ಟಿಕ್ ಟ್ರೇ. ಪ್ಲಾಸ್ಟಿಕ್ ಸ್ಟೂಲ್ ಮೇಲೆ.

ಹಾಗಾದರೆ ಎಡಗಡೆಯ ಮೆಂತ್ಯ ಯಾಕೆ ಎತ್ತರ ಬಂತು? ಎರಡನೇ ಸಲ ಬಿತ್ತುವಾಗ ಅಯಾನೈಸರನ್ನು ಬಲಗಡೆಗೆ ಇಟ್ಟೆ. ಮತ್ತೆ ಗೆದ್ದದ್ದು ಎಡಗಡೆಯದೇ! ಬೆಳಿಗ್ಗೆ ಏಳಕ್ಕೆ ಎದ್ದು ಕೂತು ನೋಡಿದೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಬಲಗಡೆಯ ಟ್ರೇ ಮೇಲೆ ಮುಕ್ಕಾಲು ಗಂಟೆ ಬೀಳುತ್ತಿತ್ತು. ಅಷ್ಟೇ.

ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಮಣ್ಣಿಗೆ ಅರ್ಥ್ ತಂತಿ ಹಾಕಿದ್ದೇನೆ, ದಿನಾ ಟ್ರೇಗಳ ಜಾಗ ಬದಲಿಸುತ್ತೇನೆ. ಡಬ್ಬಿಯನ್ನು ಒಂದಡಿ ದೂರ ಸರಿಸಿದ್ದೇನೆ, ಅದು ಓಜೋನ್ ಕೂಡ ಬಿಡುತ್ತದೆ, ಅದು ಎಲೆಗೆ ಆಗಿಬರುವುದಿಲ್ಲ. ಇವತ್ತು ನಾಲ್ಕನೇ ದಿನ, ಮೊಳಕೆ ಈಗಷ್ಟೇ ಸಿಪ್ಪೆ ಕಳಚುತ್ತಿದೆ. ಹಿಂದಿನ ಎರಡೂ ಟ್ರೇ ಮೆಂತ್ಯ ಬಾತ್ ಆಗಿಹೋಯಿತು.