ರಾತ್ರಿ ಎರಡು ಗಂಟೆಗೆ ಕೂಗುವ ಕಾರು

ಇದು ಮಲ್ಪೆಯಲ್ಲಿ ನಮ್ಮ ಮನೆಯ ಅಂಗಳ. ತೆಂಗಿನ ಮರಗಳ ಆಚೆಯಿಂದ ಭೋರ್ ಎಂದು ಕೇಳುತ್ತಿದೆಯಲ್ಲ, ಅದು ಕಡಲು. ಈ ಬಿಳಿ ಕಾರು ನಮ್ಮದು. ಜುಲೈ ತಿಂಗಳ ಮೊದಲ ಎರಡು ವಾರ ಇದು ಅಕ್ಕಪಕ್ಕದ ಯಾರನ್ನೂ ಸರಿಯಾಗಿ ಮಲಗಲು ಬಿಡಲಿಲ್ಲ.

ಇದರ ಅಲಾರಂ ಮೊದಲ ಸಲ ಕೂಗಿದಾಗ ರಾತ್ರಿ ಎರಡು ಗಂಟೆ. ಜೋರು ಮಳೆ. ಕೊಡೆ ಹಿಡಿದು ಓಡಿದೆ. ಕಾರಿನ ಹತ್ತಿರ ಯಾರೂ ಇಲ್ಲ. ಬಾಗಿಲುಗಳೆಲ್ಲ ಹಾಕಿದ ಹಾಗೇ ಇವೆ. ರಿಮೋಟ್ ಒತ್ತಿ ನಿಲ್ಲಿಸುವಷ್ಟರಲ್ಲಿ ಮೂರು ಮನೆಯ ಲೈಟ್ ಹೊತ್ತಿತ್ತು. ಪಕ್ಕದ ಮನೆಯ ಅಣ್ಣ ಟಾರ್ಚ್ ಹಿಡಿದು ಬಂದೇ ಬಿಟ್ಟರು. "ಎಂತ, ಕಳ್ಳನಾ?"

ಮರುದಿನವೂ ಕೂಗಿತು. ಒಂದು ದಿನ ಬಿಟ್ಟು ಮತ್ತೆ. ನಾಲ್ಕನೇ ಸಲ ಕೂಗಿದಾಗ ಒಂದು ಮನೆಯ ಲೈಟೂ ಹೊತ್ತಲಿಲ್ಲ. ನನಗೆ ನಿಜವಾಗಿ ಹೆದರಿಕೆ ಆದದ್ದು ಆವತ್ತು. ಇನ್ನು ಕಳ್ಳನೇ ಬಂದರೂ ಯಾರೂ ಏಳುವುದಿಲ್ಲ, ಅಲ್ವಾ? ಎದುರು ಮನೆಯ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವೂ ಆಗಿರಲಿಲ್ಲ. ಅವರು ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಕೇಳಿದೆ. ಅಲಾರಂ ಸೆಟ್ಟನ್ನೇ ಬದಲಾಯಿಸಿ ಎಂದರು. ಹಾಳಾದದ್ದು ಯಾವುದು ಎಂದು ಮಾತ್ರ ಹೇಳಲಿಲ್ಲ. ಅದು ಗೊತ್ತಾಗದೆ ದುಡ್ಡು ಹಾಕಲು ಮನಸ್ಸು ಬರಲಿಲ್ಲ. ಅಲ್ಲಿಯ ತನಕ ರಾತ್ರಿ ಹೊತ್ತು ಏನು ಮಾಡುವುದು? ನಮ್ಮದು ಹೊರಗಿನಿಂದ ಹಾಕಿಸಿದ ಅಲಾರಂ. ರಿಮೋಟ್ ಬಿಟ್ಟು, ಬಾಗಿಲಿಗೆ ಕೀ ಹಾಕಿ ತಿರುಗಿಸಿ ಲಾಕ್ ಮಾಡಿದರೆ ಅಲಾರಂ ಆನ್ ಆಗುವುದಿಲ್ಲ. ಕೆಲವು ರಾತ್ರಿ ಹಾಗೇ ಮಾಡಿದೆ. ನಿಮ್ಮ ಕಾರಿನಲ್ಲೂ ಒಮ್ಮೆ ನೋಡಿ, ಅಕ್ಕಪಕ್ಕದವರಿಗೆ ಅಷ್ಟಾದರೂ ನಿದ್ದೆ ಸಿಗುತ್ತದೆ.

ಈಗ ಕಾಣುತ್ತಿರುವುದು ಬ್ಯಾಟರಿ. ಬ್ಯಾಟರಿ ಸೋತರೂ ಅಲಾರಂ ಸುಮ್ನೆ ಕೂಗುವುದುಂಟು. ಬೆಳಗ್ಗೆ ಎದ್ದು, ಕಾರು ಸ್ಟಾರ್ಟ್ ಮಾಡುವ ಮೊದಲೇ ಮಲ್ಟಿಮೀಟರ್ ಹಿಡಿದೆ. 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಇದ್ದರೆ 12.6ರ ಆಸುಪಾಸು ಇರಬೇಕು. 12.2 ಎಂದರೆ ಅರ್ಧ ಖಾಲಿ. ಹಾಗಾಗಿ ಬ್ಯಾಟರಿಯದ್ದು ತಪ್ಪಲ್ಲ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿತ್ತು. ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿದೆ. ಆವತ್ತು ರಾತ್ರಿಯೂ ಕೂಗಿತು.

ಆಮೇಲೆ ಶಾಕ್ ಸೆನ್ಸರ್, ಕಾರು ಅಲುಗಿದರೆ ಅಲಾರಂಗೆ ತಿಳಿಸುವುದು. ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ಇರುವ ಈ ಡಬ್ಬಿ. ಇದರಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಸೆನ್ಸರ್ ತುಂಬಾ ಸೂಕ್ಷ್ಮವಾಗಿದ್ದರೆ ಗುಡುಗಿಗೂ ಕೂಗುತ್ತದೆ, ಒಂದು ತೆಂಗಿನ ಗರಿ ಬಿದ್ದರೂ ಕೂಗುತ್ತದೆ. ಸ್ವಲ್ಪ ಕಡಿಮೆ ಮಾಡಿದೆ. ಅದಕ್ಕೂ ನಿಲ್ಲಲಿಲ್ಲ.

ಇನ್ನು ಈ ಕ್ಯಾಲೆಂಡರ್. ಅಡುಗೆಮನೆಯದ್ದು. ನೀಲಿ ಗುರುತು ಹಾಕಿದ್ದು ಕಾರು ಕೂಗಿದ ರಾತ್ರಿಗಳಿಗೆ. ಇದನ್ನು ಮೊದಲೇ ಮಾಡಬೇಕಿತ್ತು. ನೋಡಿ, ಎಲ್ಲವೂ ಮಳೆ ಬಂದ ರಾತ್ರಿಗಳು. ಇನ್ನೊಂದು ವಿಷಯವೂ ಇದೆ. ಕಾರು ಓಡಿಸಿ ತಂದು ನಿಲ್ಲಿಸಿದ ಕೂಡಲೇ ಒಂದು ಸಲವೂ ಕೂಗಿಲ್ಲ. ನಾಲ್ಕೈದು ಗಂಟೆ ಕಳೆದ ಮೇಲೆಯೇ. ಇಂಜಿನ್ ಬಿಸಿ ಇರುವಷ್ಟು ಹೊತ್ತು ಸುಮ್ಮನಿರುತ್ತದೆ, ತಣ್ಣಗಾಗಿ ತೇವ ಕೂತ ಮೇಲೆ ಕೂಗುತ್ತದೆ.

ಕ್ಯಾಲೆಂಡರ್ ತೆಗೆದುಕೊಂಡು ಹೋಗಿ ಪಕ್ಕದ ಮನೆಯ ಅಣ್ಣನಿಗೆ ತೋರಿಸಿದೆ. ಅವರು ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲವಲ್ಲ, ಮನೆಯಲ್ಲೇ ಇದ್ದರು. ಅವರು ಕಾರಿನ ಒಳಗೆ ನೋಡಲೇ ಇಲ್ಲ. ಸೀದಾ ಬಾನೆಟ್ ಎತ್ತಿದರು. "ಉಪ್ಪು ಗಾಳಿ ಮೊದಲು ತಿನ್ನುವುದು ಸ್ವಿಚ್ಚನ್ನು. ಇಲ್ಲಿ ಒಂದು ಉಂಟು, ನೋಡಿದ್ದೀಯಾ?"

ನಾನು ನೋಡಿರಲಿಲ್ಲ. ಇದೇ ಅದು, ಬಾನೆಟ್ ಲಾಕಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಡ್ಡಿ. ಬಾನೆಟ್ ಮುಚ್ಚಿದಾಗ ಇದು ಒತ್ತಿ ಕೂರುತ್ತದೆ. ತೆರೆದಾಗ ಸ್ಪ್ರಿಂಗ್ ಮೇಲೆತ್ತುತ್ತದೆ, ವೈರ್ ಕಾರಿನ ಲೋಹದ ಮೈಗೆ ತಾಗಿ ಕರೆಂಟ್ ಹರಿಯುತ್ತದೆ, ಅಲಾರಂ ಕೂಗುತ್ತದೆ. ನಮ್ಮದರ ರಬ್ಬರ್ ಟೋಪಿ ಹರಿದಿತ್ತು. ಒಳಗೆಲ್ಲ ಕಂದು ತುಕ್ಕು. ಉಪ್ಪು ಬೆರೆತ ತೇವದಲ್ಲಿ ಕರೆಂಟ್ ಹರಿಯುತ್ತದೆ. ಬಾನೆಟ್ ಮುಚ್ಚಿದ್ದರೂ ತೆರೆದಿದೆ ಎಂದೇ ಅಲಾರಂಗೆ ಅನಿಸುತ್ತದೆ. ಪಾಪ, ಅದು ಕಂಡದ್ದನ್ನೇ ಹೇಳುತ್ತಿತ್ತು. ಇಷ್ಟು ದಿನ ನಾನು ಅದನ್ನು ಸುಮ್ಮನಾಗಿಸಲು ನೋಡುತ್ತಿದ್ದೆ, ಏನು ಹೇಳುತ್ತಿದೆ ಎಂದು ಕೇಳಿರಲಿಲ್ಲ.

ಖಚಿತ ಮಾಡಿಕೊಳ್ಳಲು ಆ ಸ್ವಿಚ್ಚಿನ ವೈರ್ ಕಳಚಿ, ರಿಮೋಟ್‌ನಲ್ಲೇ ಲಾಕ್ ಮಾಡಿದೆವು. ರಾತ್ರಿಯಿಡೀ ಮಳೆ. ಒಂದು ಸಲವೂ ಕೂಗಲಿಲ್ಲ. ಎಲ್ಲ ಕಾರಿಗೂ ಈ ಪರೀಕ್ಷೆ ಆಗುವುದಿಲ್ಲ. ಕೆಲವದರಲ್ಲಿ ವೈರ್ ಕಳಚಿದರೆ ಬಾನೆಟ್ ತೆರೆದ ಲೆಕ್ಕ. ಹಾಗಾಗಿ ಇದನ್ನು ಹಗಲಿನಲ್ಲೇ ಮಾಡಿ ನೋಡಿ.

ಹೊಸ ಸ್ವಿಚ್ಚಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಕೂರಿಸುವ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ ತುಕ್ಕು ತೆಗೆದೆವು. ವೈರ್ ಸೇರುವ ಕಡೆ ಅಣ್ಣ ತೆಳ್ಳಗೆ ವ್ಯಾಸಲೀನ್ ಹಚ್ಚಿದರು. ಬೋಟಿನ ಬ್ಯಾಟರಿಗೂ ಹೀಗೇ ಹಚ್ಚುತ್ತಾರಂತೆ. ಬಾನೆಟ್ ಕೆಳಗಿನ ಈ ರಬ್ಬರ್ ಗುಬುಟನ್ನೂ ಒಂದು ಸುತ್ತು ತಿರುಗಿಸಿ ಇಳಿಸಿದೆವು. ಅದು ಎತ್ತರವಾಗಿದ್ದರೆ ಬಾನೆಟ್ ಪೂರ್ತಿ ಕೂರುವುದಿಲ್ಲ, ಕಡ್ಡಿ ಅರ್ಧ ಮಾತ್ರ ಒತ್ತುತ್ತದೆ.

ಅದಾಗಿ ಹನ್ನೆರಡು ರಾತ್ರಿ ಮಳೆ ಬಂದಿದೆ. ಕ್ಯಾಲೆಂಡರಿನಲ್ಲಿ ಹೊಸ ಗುರುತು ಇಲ್ಲ.

ಇವತ್ತು ಜುಲೈ 31. ಅಣ್ಣನ ಮನೆ ಜಗಲಿಯಲ್ಲಿ ಬಲೆ, ಹಗ್ಗ, ಬಟ್ಟೆಯ ಚೀಲ ಎಲ್ಲ ಸಿದ್ಧವಾಗಿವೆ. ಇನ್ನು ಅವರು ಬೆಳಗಾಗುವ ಮೊದಲೇ ಬಂದರಿಗೆ ಹೊರಡುತ್ತಾರೆ. ಒಂಬತ್ತಕ್ಕೆಲ್ಲ ಅವರ ಮನೆಯ ಲೈಟ್ ಆರಿತು. ನಾನು ಬಾನೆಟ್ ಒಮ್ಮೆ ಒತ್ತಿ ನೋಡಿ, ರಿಮೋಟ್‌ನಲ್ಲಿ ಲಾಕ್ ಮಾಡಿ ಒಳಗೆ ಬಂದೆ.