ಗಾಜೂ ಅಲ್ಲ, ವಜ್ರವೂ ಅಲ್ಲ

ಕೇಳುಗರಿಗೆ ನಮಸ್ಕಾರ.

ಓಲೆಯಲ್ಲಿ ಹೊಳೆಯುವ ಬಿಳಿ ಹರಳನ್ನು ‘ಅಮೆರಿಕನ್ ಡೈಮಂಡ್’ ಅಂತ ಕರೆಯುತ್ತೇವೆ, ಅಲ್ವಾ? ಅದು ಡೈಮಂಡ್ ಅಲ್ಲ. ಹಾಗಂತ ಗಾಜೂ ಅಲ್ಲ. ಅದರ ಹೆಸರು ಕ್ಯೂಬಿಕ್ ಜಿರ್ಕೋನಿಯಾ. ವಜ್ರ ಅಂದರೆ ಇಂಗಾಲ. ಇದು ಜಿರ್ಕೋನಿಯಂ ಎಂಬ ಲೋಹ ಆಮ್ಲಜನಕದ ಜೊತೆ ಸೇರಿ ಆದದ್ದು.

ಆಭರಣಕ್ಕೆ ಒದಗುವಷ್ಟು ದೊಡ್ಡ ಹರಳು ಬೆಳೆಸುವ ದಾರಿಯನ್ನು 1970ರ ದಶಕದಲ್ಲಿ ಹದಕ್ಕೆ ತಂದವರು ಮಾಸ್ಕೋದ ಲೆಬೆಡೆವ್ ಭೌತಶಾಸ್ತ್ರ ಸಂಸ್ಥೆಯವರು. ಜಿರ್ಕೋನಿಯಾದ ಪುಡಿ ಕರಗಲು ಸುಮಾರು 2,700 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಪ್ಲಾಟಿನಂ ಮೂಸೆ 1,768ಕ್ಕೇ ಕರಗಿಹೋಗುತ್ತದೆ. ಮತ್ತೆ ಯಾವುದರಲ್ಲಿ ಕರಗಿಸೋದು?

ಪುಡಿಯಲ್ಲೇ! ತಣ್ಣೀರು ಹರಿಯುವ ತಾಮ್ರದ ಕೊಳವೆಗಳನ್ನು ಬುಟ್ಟಿಯಂತೆ ಒತ್ತಾಗಿ ನಿಲ್ಲಿಸಿದರು. ಒಳಗೆ ಪುಡಿ ತುಂಬಿ, ಸುತ್ತಲಿಂದ ರೇಡಿಯೊ ಅಲೆ ಹಾಯಿಸಿದರು. ಹೌದು, ರೇಡಿಯೊ ಅಲೆಯೇ! ತಣ್ಣಗಿರುವ ಪುಡಿ ಅದಕ್ಕೆ ಜಗ್ಗುವುದಿಲ್ಲ. ಅದಕ್ಕೇ ನಡುವೆ ಜಿರ್ಕೋನಿಯಂ ಲೋಹದ ಚೂರು ಇಟ್ಟರು. ಮೊದಲು ಅದು ಕಾಯಿತು, ಪಕ್ಕದ ಪುಡಿಯನ್ನು ಕರಗಿಸಿತು. ಕರಗಿದ ಪುಡಿ ತಾನೇ ಅಲೆಯನ್ನು ಹೀರಿಕೊಂಡು ಇನ್ನಷ್ಟು ಕಾಯುತ್ತಾ ಹೋಯಿತು. ಕೊಳವೆಗೆ ತಾಗಿದ ಅಂಚು ಮಾತ್ರ ಕರಗದೆ ತೆಳ್ಳನೆ ಚಿಪ್ಪಾಗಿ ಉಳಿಯಿತು. ಆ ಚಿಪ್ಪೇ ಪಾತ್ರೆ! ಒಳಗೆ ಕಣ್ಣು ಕುಕ್ಕುವ ರಸ, ಹೊರಗೆ ತಣ್ಣೀರು. ಬುಟ್ಟಿಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬಂದರೆ ತಳದಿಂದ ಹರಳು ಕಂಬ ಕಂಬವಾಗಿ ಏಳುತ್ತದೆ. ತಣಿಯುವಾಗ ಅದರ ಕಟ್ಟು ಕೆಡದಿರಲಿ ಅಂತ ಇಟ್ರಿಯಂ ಆಕ್ಸೈಡನ್ನು ಮೊದಲೇ ಬೆರೆಸಿರುತ್ತಾರೆ.

ಇಷ್ಟೆಲ್ಲ ಪಾಡುಪಟ್ಟು ಬೆಳೆಸಿದ್ದನ್ನು ‘ಸುಮ್ನೆ ಗಾಜು ಕಣ್ರೀ’ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಗಾಜೂ ಅಲ್ಲ, ವಜ್ರವೂ ಅಲ್ಲ. ಒಂದೇ ಅಳತೆಯ ಬಿಡಿ ಹರಳುಗಳನ್ನು ತೂಗಿ ನೋಡಿ. ಇದು ವಜ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಕಾಮನಬಿಲ್ಲಿನ ಬಣ್ಣಗಳೂ ಇದರಲ್ಲೇ ಜಾಸ್ತಿ. ಮೋಸ್ ಎಂಬ ಗಡಸುತನದ ಅಳತೆಗೋಲಿನಲ್ಲಿ ವಜ್ರಕ್ಕೆ 10, ಇದಕ್ಕೆ 8ರ ಮೇಲೆ. ಹಾಗಾಗಿ ವರ್ಷಗಟ್ಟಲೆ ತೊಟ್ಟರೆ ಅಂಚು ಸವೆಯುತ್ತದೆ. ಕೊಳ್ಳುವಾಗ ಬಿಲ್ಲಿನಲ್ಲಿ ಹರಳಿನ ಹೆಸರು ಬರೆಸಿಕೊಳ್ಳಿ, ದಯವಿಟ್ಟು.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮಾತೇ ಬೇರೆ. ಅದು ಇಂಗಾಲವೇ, ವಜ್ರವೇ. ಇದರ ಜೊತೆ ಕಲಸಬೇಡಿ.

ಹೊತ್ತಾಯಿತು, ವಜ್ರದಂತೆ ಕಾಣುವ ಇನ್ನೊಂದು ಹರಳು ಮೋಯಿಸನೈಟ್ ಬಗ್ಗೆ ಎರಡೇ ಮಾತು. ಅದು ಸಿಲಿಕಾನ್ ಕಾರ್ಬೈಡ್. 1893ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಹೆನ್ರಿ ಮೋಯಿಸನ್ ಅದನ್ನು ಉಲ್ಕಾಶಿಲೆಯ ಚೂರಿನಲ್ಲಿ ಕಂಡರು. ಈಗ ಒಡವೆಗೆ ಬರುವುದೆಲ್ಲ ಬೆಳೆಸಿದ್ದು. ಶಾಖ ನೋಡಿ ವಜ್ರ ಗುರುತಿಸುವ ಯಂತ್ರವೂ ಇದರ ಮುಂದೆ ಮೋಸಹೋಗುತ್ತದೆ. ಭೂತಗನ್ನಡಿ ಹಿಡಿದು ಹರಳನ್ನು ಸ್ವಲ್ಪ ಓರೆ ಮಾಡಿ ನೋಡಿ. ಹಿಂಬದಿಯ ಒಂದೊಂದು ಅಂಚೂ ಎರಡೆರಡಾಗಿ ಕಂಡರೆ, ಅದು ವಜ್ರವಲ್ಲ, ಮೋಯಿಸನೈಟ್ ಇರಬಹುದು.

ನಮಸ್ಕಾರ.