ಎರಡನೆಯವರು ಯಾಕೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯ, ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನು ಸಾಂಕ್ರಾಮಿಕ ಎಂದು ಕರೆದು ಒಂದು ವರದಿ ಹೊರಡಿಸಿದರು. ಬ್ರಿಟನ್ 2018ರಲ್ಲೇ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನು ನೇಮಿಸಿತ್ತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದಿತು. ಈ ವರದಿಗಳನ್ನು ಓದಿದರೆ ಹೃದ್ರೋಗ, ಪಾರ್ಶ್ವವಾಯು, ಆಯಸ್ಸಿನ ಲೆಕ್ಕ ಎಲ್ಲ ಸಿಗುತ್ತದೆ. ಲೆಕ್ಕ ಬೇಡ ಅನ್ನುವುದಿಲ್ಲ. ಆದರೆ ಒಬ್ಬನಿಗೆ ಇನ್ನೊಬ್ಬ ಯಾಕೆ ಬೇಕು ಅನ್ನುವ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ಅದನ್ನು ತಲೆಗೆ ಹಚ್ಚಿಕೊಂಡವರು ಸೃಷ್ಟಿಯ ಕತೆ ಕಟ್ಟಿದವರು. ಜಗತ್ತು ಹೇಗೆ ಹುಟ್ಟಿತು ಅಂತ ತಿಳಿಯಲು ಆ ಕತೆಗಳ ಹತ್ತಿರ ಹೋಗಬೇಡಿ, ಅದಕ್ಕೆ ಭೌತಶಾಸ್ತ್ರ ಇದೆ. ಜೊತೆಗಿರುವುದು ಅಂದರೆ ಏನು ಅಂತ ಕೇಳಲು ಹೋಗಿ.

ಮೊದಲು ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ. ಅಲ್ಲಿನ ಕಿಚೇ ಮಾಯಾ ಜನರ ಸೃಷ್ಟಿಪುರಾಣ 'ಪೊಪೊಲ್ ವುಹ್' ನಮಗೆ ಸಿಕ್ಕಿರುವುದು ಫ್ರಾನ್ಸಿಸ್ಕೋ ಸಿಮೆನೆಸ್ ಎಂಬ ಪಾದ್ರಿ 18ನೇ ಶತಮಾನದ ಆರಂಭದಲ್ಲಿ ಮಾಡಿಕೊಂಡ ಪ್ರತಿಯಿಂದ. ಅದರಲ್ಲಿ ದೇವರುಗಳು ಮನುಷ್ಯನನ್ನು ಮಾಡಲು ಹೊರಡುವುದು ಒಂದೇ ಆಸೆಗೆ: ತಮ್ಮ ಹೆಸರು ಹಿಡಿದು ಕರೆಯುವವರು, ತಮ್ಮನ್ನು ನೆನೆಯುವವರು ಬೇಕು. ಪ್ರಾಣಿಗಳನ್ನು ಮಾಡಿದರು. ಅವು ಕಿರುಚಿದವು, ಗುಟುರು ಹಾಕಿದವು, ಹೆಸರು ಹೇಳಲಿಲ್ಲ. ಮಣ್ಣಿನಿಂದ ಮಾಡಿದರು, ನೀರಿಗೆ ಕರಗಿಹೋಯಿತು. ಮರದಲ್ಲಿ ಕೆತ್ತಿದರು. ಈ ಮರದ ಮನುಷ್ಯರು ಪರವಾಗಿಲ್ಲ, ನಡೆದರು, ಮಾತಾಡಿದರು, ಮಕ್ಕಳುಮರಿ ಮಾಡಿಕೊಂಡರು. ಆದರೆ ಹೃದಯ ಇಲ್ಲ, ನೆನಪು ಇಲ್ಲ. ಸುಮ್ಮನೆ ಓಡಾಡಿಕೊಂಡಿದ್ದರು.

ಅವರ ಮೇಲೆ ಪ್ರಳಯ ಬರುತ್ತದೆ. ಅದು ಎಲ್ಲ ಪುರಾಣದಲ್ಲೂ ಬರುತ್ತದೆ ಬಿಡಿ. ಆದರೆ ಇಲ್ಲಿ ಮಳೆ ಸುರಿಯುತ್ತಿರುವಾಗ ಅವರದೇ ಮನೆಯ ಪಾತ್ರೆಪಡಗ ಎದ್ದು ನಿಲ್ಲುತ್ತವೆ. ನಾಯಿಗಳು ಕೇಳುತ್ತವೆ: ನೀವು ಉಣ್ಣುವಾಗ ನಾವು ಮುಖ ನೋಡಿಕೊಂಡು ನಿಂತಿದ್ದೆವು, ನೀವು ಕೋಲು ಹಿಡಿದು ಓಡಿಸಿದಿರಿ, ಈಗ ನಿಮ್ಮನ್ನು ನಾವು ಕಚ್ಚುತ್ತೇವೆ. ಮೆಕ್ಕೆಜೋಳ ಅರೆಯುವ ಕಲ್ಲು ಹೇಳುತ್ತದೆ: ದಿನಾ ದಿನಾ, ಬೆಳಗಿನ ಜಾವ, ಸಂಜೆ, ಯಾವಾಗಲೂ ನಮ್ಮ ಮುಖದ ಮೇಲೆ ಹೋಲಿ ಹೋಲಿ, ಹುಕಿ ಹುಕಿ. ಆ 'ಹೋಲಿ ಹೋಲಿ ಹುಕಿ ಹುಕಿ' ಅನ್ನುವುದು ಅರೆಯುವ ಸದ್ದು. ಒಲೆಯ ಮೇಲಿನ ಮಡಕೆ, ನಮ್ಮನ್ನು ಸುಟ್ಟಿರಿ ಅನ್ನುತ್ತದೆ. ಮನೆಯ ಮಾಡು ಹತ್ತಲು ಹೋದರೆ ಮನೆಯೇ ಕುಸಿಯುತ್ತದೆ, ಮರ ಹತ್ತಿದರೆ ಮರ ಕೊಡವಿ ಬೀಳಿಸುತ್ತದೆ. ಅವರಲ್ಲಿ ಉಳಿದವರ ಕುಲವೇ ಕೋತಿಗಳಂತೆ.

ದೇವರನ್ನು ಮರೆತದ್ದಕ್ಕೆ ಶಿಕ್ಷೆ ಅಂತ ಇದನ್ನು ಓದಿ ಮುಗಿಸಬಹುದು. ನನಗೆ ಮುಖ್ಯವಾಗಿ ಕಾಣುವುದು ದೂರು ಕೊಟ್ಟವರು ಯಾರು ಅನ್ನುವುದು. ಆಕಾಶದಲ್ಲಿರುವವನನ್ನು ನೆನೆಯದವನು ಬಾಗಿಲಲ್ಲಿ ನಿಂತ ನಾಯಿಯನ್ನೂ ನೆನೆಯಲಿಲ್ಲ. ಎರಡೂ ಒಂದೇ ಮರೆವು. ನಮ್ಮ ಹೆಣ್ಣುಮಕ್ಕಳು ಬೀಸುವ ಪದದಲ್ಲಿ ಬೀಸುಕಲ್ಲನ್ನು 'ಕಲ್ಲವ್ವ' ಎಂದು ಕರೆದು, ರಾಗಿ ಉದುರಿಸು ತಾಯಿ, ನಿನಗೆ ಬೆಲ್ಲದಾರತಿ ಬೆಳಗುತ್ತೇನೆ ಎನ್ನುತ್ತಾರೆ. ಆ ಕಲ್ಲು ಯಾವ ಪ್ರಳಯದಲ್ಲೂ ನಮ್ಮ ಮೇಲೆ ಎದ್ದು ಬರುತ್ತಿರಲಿಲ್ಲ. ಇವತ್ತು ರಾತ್ರಿ ಹನ್ನೊಂದಕ್ಕೆ ಊಟ ತಂದುಕೊಡುವ ಹುಡುಗನ ಹೆಸರು ಫೋನಿನ ಪರದೆಯ ಮೇಲೇ ಬರೆದಿರುತ್ತದೆ, ಆದರೂ ನಾವು ಆ ಹೆಸರು ಹಿಡಿದು ಕರೆಯುವುದಿಲ್ಲ.

ಕತೆ ಇನ್ನೂ ಇದೆ. ಕೊನೆಗೆ ಹಳದಿ ಮತ್ತು ಬಿಳಿ ಮೆಕ್ಕೆಜೋಳ ಅರೆದ ಹಿಟ್ಟಿನಿಂದ ನಾಲ್ವರು ಗಂಡಸರನ್ನು ಮಾಡುತ್ತಾರೆ. ಇವರು ಮಾತಾಡಿದರು, ನೆನೆದರು, ಕೈಮುಗಿದರು. ಆದರೆ ಇವರ ಕಣ್ಣು ವಿಪರೀತ ಚುರುಕು. ಕೂತಲ್ಲಿಂದ ಏಳದೆ ಆಕಾಶ, ಭೂಮಿ, ಬೆಟ್ಟದಾಚೆ, ಕಡಲಾಚೆ ಎಲ್ಲ ಕಾಣಿಸುತ್ತದೆ. ಇದು ಸರಿಹೋಗಲಿಲ್ಲ ಅಂದುಕೊಂಡ ದೇವರುಗಳು, ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮಬ್ಬಾಗುವ ಹಾಗೆ, ಅವರ ಕಣ್ಣು ಮಬ್ಬು ಮಾಡಿಬಿಟ್ಟರು. ಹತ್ತಿರದ್ದು ಮಾತ್ರ ಕಾಣಬೇಕು. ಇದಾದ ಮೇಲೆ, ಅವರು ಮಲಗಿರುವಾಗ, ಹೆಂಡತಿಯರನ್ನು ಮಾಡಿ ಪಕ್ಕದಲ್ಲಿರಿಸಿದರು. ಎಚ್ಚರವಾದಾಗ ನೋಡಿ ಸಂತೋಷಪಟ್ಟರು ಎನ್ನುತ್ತದೆ ಕತೆ. ಈ ಕ್ರಮ ಗಮನಿಸಿ. ಎಲ್ಲವೂ ಕಾಣುತ್ತಿದ್ದಾಗ ಅವರಿಗೆ ಜೊತೆ ಇರಲಿಲ್ಲ. ಇದಕ್ಕಿಂತ ಹೆಚ್ಚು ವಿವರಿಸಿದರೆ ಫೋನು ಕಿಸೆಯಲ್ಲಿಟ್ಟುಕೊಂಡು ಕೂತಿರುವ ನಿಮಗೂ ನನಗೂ ಮುಜುಗರ.

ಮೆಸೊಪಟೇಮಿಯಾದ, ಅಂದರೆ ಈಗಿನ ಇರಾಕಿನ ಕಡೆಯ, ಕತೆಯನ್ನು ಬೇಗ ಹೇಳುತ್ತೇನೆ. ಜೇಡಿಮಣ್ಣಿನ ಹಲಗೆಗಳ ಮೇಲೆ ಸುಮಾರು 3,600 ವರ್ಷಗಳ ಹಿಂದೆ ಬರೆದಿಟ್ಟ ಅತ್ರಹಾಸಿಸ್ ಕಾವ್ಯ ಅದು. ಅಲ್ಲಿ ಕಾಲುವೆ ತೋಡಿ ತೋಡಿ ಸೋತ ಚಿಕ್ಕ ದೇವರುಗಳು ಹಾರೆ ಗುದ್ದಲಿಗೆ ಬೆಂಕಿ ಹಚ್ಚಿ, ರಾತ್ರೋರಾತ್ರಿ ಯಜಮಾನ ಎನ್‌ಲಿಲ್ ಮನೆಗೆ ಮುತ್ತಿಗೆ ಹಾಕುತ್ತಾರೆ. ಜಗತ್ತಿನ ಮೊದಲ ಮುಷ್ಕರ ಅನ್ನಿ ಬೇಕಾದರೆ. ಅವರ ಕೆಲಸ ಹೊರಲೆಂದು ಮಣ್ಣಿಗೆ ಒಬ್ಬ ದೇವರ ರಕ್ತಮಾಂಸ ಕಲಸಿ ಮನುಷ್ಯರನ್ನು ಮಾಡುತ್ತಾರೆ. ಮನುಷ್ಯರು ಹೆಚ್ಚಿದರು, ಗದ್ದಲ ಹೆಚ್ಚಿತು, ಎನ್‌ಲಿಲ್‌ಗೆ ನಿದ್ದೆ ಬರಲಿಲ್ಲ. ರೋಗ ಕಳಿಸಿದ, ಬರ ಕಳಿಸಿದ, ಕಡೆಗೆ ಪ್ರವಾಹ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಎನ್‌ಲಿಲ್ ಚೆನ್ನಾಗಿ ಪರಿಚಯ: ಮೇಲಿನ ಮನೆಯ ಮಗು ಓಡಾಡಿದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರು ಹಾಕುವ ಮಹಾನುಭಾವ. ಪ್ರವಾಹ ಬಂತು, ಗದ್ದಲ ನಿಂತಿತು. ನಿಂತ ಮೇಲೆ ದೇವರುಗಳಿಗೆ ಹಸಿವು, ಬಾಯಾರಿಕೆ. ನೈವೇದ್ಯ ಇಡುವವರು ಯಾರೂ ಇಲ್ಲ. ಬದುಕುಳಿದ ಅತ್ರಹಾಸಿಸ್ ಬಲಿ ಅರ್ಪಿಸಿದಾಗ ಆ ಮಹಾದೇವತೆಗಳು ನೊಣಗಳ ಹಾಗೆ ಅದಕ್ಕೆ ಮುತ್ತಿಕೊಂಡರು ಎಂದು ಕವಿ ಸ್ವಲ್ಪವೂ ಸಂಕೋಚವಿಲ್ಲದೆ ಬರೆದಿದ್ದಾನೆ.

ಇನ್ನು ಬೃಹದಾರಣ್ಯಕ ಉಪನಿಷತ್ತು, ಮೊದಲ ಅಧ್ಯಾಯದ ನಾಲ್ಕನೆಯ ಬ್ರಾಹ್ಮಣ, ಅಂದರೆ ನಾಲ್ಕನೆಯ ಭಾಗ. ಮೊದಲಿಗೆ ಇದ್ದದ್ದು ಆತ್ಮ ಒಂದೇ, ಪುರುಷನ ಆಕಾರದಲ್ಲಿ. ಸುತ್ತ ನೋಡಿದ, ತನ್ನನ್ನು ಬಿಟ್ಟರೆ ಯಾರೂ ಇಲ್ಲ. 'ಇದು ನಾನು' ಎಂದ. ಆಮೇಲೆ ಮಾಡಿದ ಮೊದಲ ಕೆಲಸ ಹೆದರಿದ್ದು. ಒಬ್ಬನೇ ಇರುವವನು ಇವತ್ತಿಗೂ ಹೆದರುವುದು ಅದಕ್ಕೇ ಎನ್ನುತ್ತದೆ ಉಪನಿಷತ್ತು. ಆಮೇಲೆ ಯೋಚಿಸಿದ: ನಾನಲ್ಲದೆ ಬೇರೆ ಯಾರೂ ಇಲ್ಲದ ಮೇಲೆ ಯಾರಿಗೆ ಹೆದರಲಿ? ಭಯ ಹೋಯಿತು. ಭಯ ಬರುವುದೇ ಎರಡನೆಯವರಿಂದ ತಾನೆ. ನಾವಾಗಿದ್ದರೆ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಧೈರ್ಯ ಬಂತು, ಏಕಾಂತ ಸಿಕ್ಕಿತು, ಇನ್ನೇನು ಬೇಕು? ಉಪನಿಷತ್ತು ನಿಲ್ಲಿಸುವುದಿಲ್ಲ. 'ಸ ವೈ ನೈವ ರೇಮೇ', ಅವನಿಗೆ ಸಂತೋಷವಾಗಲಿಲ್ಲ. 'ಸ ದ್ವಿತೀಯಮೈಚ್ಛತ್', ಎರಡನೆಯವರನ್ನು ಬಯಸಿದ. ಭಯ ಯಾರಿಂದ ಬರುತ್ತದೆ ಎಂದು ಈಗಷ್ಟೇ ಗೊತ್ತಾಗಿದೆ, ಗೊತ್ತಿದ್ದೂ ಅವರೇ ಬೇಕು. ಒಂಟಿಯಾಗಿರುವವರಿಗೆ 'ನಿನಗೇನು ಕಮ್ಮಿಯಾಗಿದೆ, ಧೈರ್ಯವಾಗಿರು' ಎಂದು ಬುದ್ಧಿ ಹೇಳುವವರು ಈ ಎರಡು ಮಾತನ್ನು ಓದಬೇಕು. ಯೋಚನೆಯಿಂದ ಅವನ ಭಯ ಹೋಯಿತು, ಸಂತೋಷ ಬರಲಿಲ್ಲ.

ಮುಂದೆ ಅವನು ತನ್ನನ್ನೇ ಎರಡು ಮಾಡಿಕೊಳ್ಳುತ್ತಾನೆ, ಗಂಡ ಹೆಂಡತಿ ಆಗುತ್ತಾರೆ. ಅವಳು ಅವನದೇ ಅರ್ಧ, ಹೇಳಿದಂತೆ ಕೇಳಿಕೊಂಡು ಇರಬೇಕಿತ್ತು. ಅವಳು ಯೋಚಿಸುತ್ತಾಳೆ: ತನ್ನಿಂದಲೇ ನನ್ನನ್ನು ಹುಟ್ಟಿಸಿ ನನ್ನನ್ನೇ ಹೇಗೆ ಕೂಡುತ್ತಾನೆ? ಸರಿ, ಅಡಗಿಕೊಳ್ಳುತ್ತೇನೆ. ಹಸುವಾದಳು, ಅವನು ಗೂಳಿಯಾದ. ಹೆಣ್ಣುಕುದುರೆಯಾದಳು, ಅವನು ಗಂಡುಕುದುರೆಯಾದ. ಆಡು, ಕುರಿ, ಇರುವೆಯವರೆಗೂ ಹೀಗೇ ನಡೆಯಿತು, ಹೀಗೇ ಸಕಲ ಜೀವಜಾತಿ ಹುಟ್ಟಿತು ಎನ್ನುತ್ತದೆ ಕತೆ. ಇಲ್ಲಿ ಇರಿಸುಮುರಿಸೂ ಇದೆ. ಬೇಡ ಎಂದು ಓಡುವವಳನ್ನು ಬೆನ್ನಟ್ಟುವುದನ್ನು ಇವತ್ತು ನಾವು ಸುಮ್ಮನೆ ತಲೆಯಾಡಿಸಿ ಒಪ್ಪಲಾಗುವುದಿಲ್ಲ, ಒಪ್ಪಲೂ ಬಾರದು. ಆದರೆ ಕತೆ ಅವಳ ಪ್ರಶ್ನೆಯನ್ನು ಮುಚ್ಚಿಟ್ಟಿಲ್ಲ. ನನ್ನಿಂದಲೇ ಹುಟ್ಟಿದವರಿಗೂ ನನಗೆ ಎಟುಕದ ಒಂದು ಮನಸ್ಸಿದೆ ಎಂಬುದು ಅಲ್ಲಿ ದಾಖಲಾಗಿದೆ.

ಈಗ ಮಾತಿಗೆ ಮಾತು ಕೊಡುವ ಆ್ಯಪ್‌ಗಳು ಬಂದಿವೆ. ಸ್ನೇಹಿತೆ ಬೇಕೆ, ಗೆಳೆಯ ಬೇಕೆ, ರಾತ್ರಿ ಎರಡಕ್ಕೂ ಎಚ್ಚರವಿರುತ್ತವೆ. ತಪ್ಪು ಅನ್ನಲಾರೆ, ಯಾರೂ ಇಲ್ಲದ ರಾತ್ರಿಯಲ್ಲಿ ಒಬ್ಬರ ಭಯ ಅದರಿಂದ ಹೋದರೆ ಹೋಗಲಿ. ಆದರೆ ಉಪನಿಷತ್ತಿನ ಪುರುಷ ತನ್ನ ಭಯವನ್ನು ಯಾರ ನೆರವೂ ಇಲ್ಲದೆ ಕಳೆದುಕೊಂಡಿದ್ದ, ಎರಡನೆಯವರು ಬೇಕಾದದ್ದು ಅದಾದ ಮೇಲಿನ ಕೊರತೆಗೆ. ನಿಮ್ಮ ಮಾತುಗಳಿಂದಲೇ ರೂಪುಗೊಂಡು ನಿಮಗೇ ಉತ್ತರ ಕೊಡುವ ಆ ಆ್ಯಪ್ ಮುನಿಸಿಕೊಂಡು ಎದ್ದುಹೋಗುವುದಿಲ್ಲ, 'ಇವತ್ತು ನನಗೆ ಮಾತಾಡಲು ಮನಸ್ಸಿಲ್ಲ' ಎನ್ನುವುದಿಲ್ಲ. ಅದನ್ನು ಎರಡನೆಯವರು ಎಂದು ಎಣಿಸಬಹುದೋ ಇಲ್ಲವೋ ಎನ್ನುವುದರ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ನನಗಿಂತ ಹೆಚ್ಚು ಅನುಭವ ಇರಬೇಕು. ಮೈಕು ಆ ಕಡೆ ಕಳಿಸುತ್ತೇನೆ, ಹೇಳಿ.